‘ಇದೇ ಮೇಡಂ, ಇದೇ ಸದ್ದು!’

ದಪ್ಪ ಬಾಗಿಲು ಮುಚ್ಚಿದೊಡನೆ ಗಾಜಿನಾಚೆಯ ಪುಟ್ಟ ಕೋಣೆಗೆ ಹೊರಗಿನ ಸದ್ದೆಲ್ಲ ನಿಂತುಹೋಗುತ್ತದೆ. ಇದು ಮೈಸೂರಿನ ಮಾನಸಗಂಗೋತ್ರಿ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ನೀವು ಗಾಜಿನ ಈಚೆ, ಆಡಿಯಾಲಜಿಸ್ಟ್ ಪಕ್ಕದಲ್ಲಿದ್ದೀರಿ. ಆಚೆ ಹೆಡ್‌ಫೋನ್ ಹಾಕಿಕೊಂಡು ಕುಳಿತವರು ದೊಡ್ಡಬಳ್ಳಾಪುರದ ನೇಕಾರರೊಬ್ಬರು. ಮಗ್ಗ ನಿಲ್ಲಿಸಿದ ಮೇಲೂ ಅವರ ಕಿವಿಯೊಳಗಿನ ಕೂಗು ನಿಲ್ಲುವುದಿಲ್ಲ. ‘ಏನೂ ಮಾಡೋಕಾಗಲ್ಲ, ಒಗ್ಗಿಕೊಳ್ಳಿ’ ಎಂದು ಹೇಳಿಸಿಕೊಂಡೇ ಇಲ್ಲಿಗೆ ಬಂದಿದ್ದಾರೆ. ಆ ಮಾತು ಸುಳ್ಳು, ಕ್ರೂರ ಕೂಡ.

ತೆರೆಯ ಮೇಲೆ ಶ್ರವಣದ ಗೆರೆ 4000 ಹರ್ಟ್ಸ್ ಹತ್ತಿರ ಕುಸಿದಿದೆ. ಗದ್ದಲದಲ್ಲಿ ದುಡಿದ ಕಿವಿಯ ಗುರುತು ಅದು. ಒಳಗಿವಿಯ ಕೂದಲುಕೋಶಗಳು ಹಾಳಾಗಿ ಸಂಕೇತ ಕಡಿಮೆಯಾದಾಗ ಮಿದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ, ಅದಕ್ಕೇ ಇಲ್ಲದ ಸದ್ದು ಕೇಳುತ್ತದೆ ಎಂಬುದು ಟಿನ್ನಿಟಸ್ ಎಂಬ ಈ ತೊಂದರೆಗೆ ಇಂದು ಕೊಡುವ ಮುಖ್ಯ ವಿವರಣೆ.

ಆಡಿಯಾಲಜಿಸ್ಟ್ ಒಂದೊಂದೇ ಸ್ವರ ಕೇಳಿಸುತ್ತಾರೆ. 3000. ತಲೆ ಅಲ್ಲಾಡುತ್ತದೆ. 4000. ‘ಇನ್ನೂ ಸಣ್ಣಗೆ.’ 6000ಕ್ಕೆ ಅವರು ಕುರ್ಚಿಯಲ್ಲೇ ನೆಟ್ಟಗಾಗುತ್ತಾರೆ: ‘ಇದೇ ಮೇಡಂ, ಇದೇ ಸದ್ದು!’ ಜೋರೆಷ್ಟು ಎಂದು ಅಳೆದರೆ, ಅವರಿಗೆ ಕೇಳಿಸುವ ಕನಿಷ್ಠ ಮಟ್ಟಕ್ಕಿಂತ ಬರೀ 6 ಡೆಸಿಬಲ್ ಹೆಚ್ಚು. ನಿದ್ದೆ ಕದ್ದ ಸದ್ದು ಇಷ್ಟು ಸಣ್ಣದು!

ಆಕೆ ಅದೇ ಸ್ವರವನ್ನು ಅವರ ಹೆಂಡತಿಗೆ ಕೇಳಿಸುತ್ತಾರೆ. ಆ ತಾಯಿ ಸ್ವಲ್ಪ ಹೊತ್ತಿಗೇ ಹೆಡ್‌ಫೋನ್ ಕಿತ್ತು ಗಂಡನ ಕಡೆ ತಿರುಗುತ್ತಾರೆ. ‘ರಾತ್ರಿಯೆಲ್ಲಾ ಇದೇನಾ ರೀ? ನಾನು ಸುಮ್ನೆ ರೇಗಾಡ್ತೀರ ಅಂದ್ಕೊಂಡಿದ್ದೆ.’ ಗಂಡ ಮಾತಾಡುವುದಿಲ್ಲ, ಕಣ್ಣೊರೆಸಿಕೊಳ್ಳುತ್ತಾರೆ. ಚಿಕಿತ್ಸೆಯ ಅರ್ಧ ಇಲ್ಲೇ ಶುರುವಾಯಿತು ಎಂದು ನನಗನ್ನಿಸುತ್ತದೆ.

ಮುಂದೆ ಸದ್ದನ್ನು ಮೆಲ್ಲಗೆ ಏರಿಸುವ ಪರೀಕ್ಷೆ. ಸಾಮಾನ್ಯವಾಗಿ 100 ಡೆಸಿಬಲ್ ಆಸುಪಾಸಿನವರೆಗೆ ತಡೆಯಬಹುದು. ಇವರು 75ಕ್ಕೇ ಕೈ ಎತ್ತುತ್ತಾರೆ. ಸ್ಟೀಲ್ ತಟ್ಟೆ ಬಿದ್ದರೆ ಬೆಚ್ಚಿಬೀಳುವುದು ಇದಕ್ಕೇ. ಆ ಹಿಂಸೆಗೆ ಮನೆಯಲ್ಲೂ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾರಂತೆ. ‘ಅದನ್ನ ಬಿಡಿ. ಸದಾ ಮುಚ್ಚಿಟ್ರೆ ಕಿವಿ ಇನ್ನೂ ಸೂಕ್ಷ್ಮ ಆಗುತ್ತೆ.’

ಆಮೇಲೆ ಕನ್ನಡದಲ್ಲೇ ಇರುವ 25 ಪ್ರಶ್ನೆಗಳ ಪಟ್ಟಿ. ನಿದ್ದೆ, ಸಿಟ್ಟು, ಹತಾಶೆ ಎಲ್ಲಕ್ಕೂ ಅಂಕ. 100ಕ್ಕೆ 62, ತೀವ್ರ. ಸದ್ದು ಒಂದೇ ಕಿವಿಯಲ್ಲಿದ್ದರೆ ಅಥವಾ ನಾಡಿಯ ಜೊತೆ ಬಡಿಯುತ್ತಿದ್ದರೆ ಸ್ಕ್ಯಾನ್ ಬೇಕಾಗುತ್ತಿತ್ತು, ಇವರದು ಹಾಗಿಲ್ಲ.

ಈ ಸದ್ದನ್ನು ಅಳಿಸಿಹಾಕುವ ಮಾತ್ರೆ ಇಲ್ಲ ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ನಾಲಿಗೆಗೆ ಸಣ್ಣ ವಿದ್ಯುತ್ ಸ್ಪಂದನ, ಕಿವಿಗೆ ಸದ್ದು ಒಟ್ಟಿಗೇ ಕೊಡುವ ‘ಲೆನೈರ್’ ಸಾಧನಕ್ಕೆ ಅಮೆರಿಕ 2023ರಲ್ಲಿ ಅನುಮತಿ ಕೊಟ್ಟಿದೆ ನಿಜ. ಆದರೆ ಸಂಕಟ ತಗ್ಗಿಸುವುದರಲ್ಲಿ ಅತಿ ಗಟ್ಟಿ ಪುರಾವೆ ಇರುವುದು ಸಿಬಿಟಿ ಎಂಬ ಆಪ್ತಸಮಾಲೋಚನೆಗೆ. ಅದರ ಜೊತೆ ಹಿಯರಿಂಗ್ ಏಡ್, ಮಲಗುವಾಗ ಮೆಲ್ಲಗೆ ಮಳೆಯ ಸದ್ದು.

‘ಮಗ್ಗದ ಮುಂದಾದ್ರೂ ಹತ್ತಿ ಇಟ್ಕೋಬಹುದಾ ಮೇಡಂ?’

‘ಹತ್ತಿ ಅಲ್ಲಿ ಸಾಲಲ್ಲ. ಇಯರ್‌ಮಫ್ ತಗೊಳ್ಳಿ, ಪಕ್ಕದ ಮಗ್ಗದವರಿಗೂ ಹೇಳಿ.’