ನಿಮ್ಮ ಫೈಲಿಗೆ ವೈರಸ್ ಬಂದಿಲ್ಲ, ದೊಡ್ಡಪ್ಪ

ಬೆಂಗಳೂರು,
ಭಾನುವಾರ ರಾತ್ರಿ

ತೀರ್ಥರೂಪ ಸಮಾನರಾದ ದೊಡ್ಡಪ್ಪನವರಿಗೆ ಪುಟ್ಟಿ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಹಾಗೂ ದೊಡ್ಡಮ್ಮನ ಕ್ಷೇಮಕ್ಕೆ ಬರೆಯುತ್ತಿರಬೇಕು.

ಒಕ್ಕಣೆ ಸರಿಯಿದೆಯೇ? ಆರನೇ ಕ್ಲಾಸಿನಲ್ಲಿ ನೀವೇ ಬರೆಸಿದ್ದು, ಆಮೇಲೆ ಬಳಸುವ ಪ್ರಸಂಗವೇ ಬರಲಿಲ್ಲ. ಫೋನಿರುವಾಗ ಕಾಗದ ಯಾಕಂತೆ ಎಂದು ದೊಡ್ಡಮ್ಮ ಕೇಳಿಯೇ ಕೇಳುತ್ತಾರೆ. ಫೋನಿನಲ್ಲಿ ನನ್ನ ಬಾಯಿ ಹೇಗೆಂದು ಮೊನ್ನೆ ಮಂಗಳವಾರ ನೋಡಿದಿರಲ್ಲ. ‘ಮೇಲೆ ಮೂರು ಚುಕ್ಕಿ ಕಾಣ್ತದೆ ಅಂತ ಎಷ್ಟು ಸಲ ಹೇಳೋದು ದೊಡ್ಡಪ್ಪ’ ಎಂದು ಗದರಿಬಿಟ್ಟೆ. ನೀವು ‘ಇರ್ಲಿ ಬಿಡು ಮಾರಾಯ್ತಿ, ನಿಂಗೂ ಕೆಲ್ಸ ಇರ್ತದೆ’ ಎಂದು ಇಟ್ಟಿರಿ. ಗುಣಿತಾಕ್ಷರ ತಲೆಗೆ ಹತ್ತದೆ ಅಳುತ್ತಿದ್ದವಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಒಂದು ಮಳೆಗಾಲವಿಡೀ ತಿದ್ದಿಸಿದವರು ನೀವು. ನಾನೋ, ದಿನಕ್ಕೆ ಎಂಟು ಗಂಟೆ ಕಂಪನಿಯ ಹೆಲ್ಪ್‌ಡೆಸ್ಕಿನಲ್ಲಿ ಕೂತು ಮುಖ ನೋಡದವರಿಗೆಲ್ಲ ‘ಪರವಾಗಿಲ್ಲ ಸಾರ್, ನಿಧಾನಕ್ಕೆ ಮಾಡಿ’ ಎನ್ನುತ್ತೇನೆ. ಸಂಬಳಕ್ಕೆ ಬರುವ ತಾಳ್ಮೆ ಸಂಬಂಧಕ್ಕೆ ಬರಲಿಲ್ಲ. ತಪ್ಪಾಯಿತು.

ಈಗ ಮುಖ್ಯ ಸಮಾಚಾರ. ನಿಮ್ಮ ಕೆರೆ ಪುಸ್ತಕದ ಫೈಲಿಗೆ ವೈರಸ್ ಬಂದಿಲ್ಲ. ಮೊಬೈಲ್ ಅಂಗಡಿಯ ಹುಡುಗ ನಾನೂರು ರೂಪಾಯಿ ಕೇಳಿ, ಫೋನು ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂದನಂತೆ. ಸದ್ಯ ನೀವು ಒಪ್ಪಲಿಲ್ಲ! ತಲೆನೋವಿಗೂ ಕಾಲುನೋವಿಗೂ ಒಂದೇ ಕಷಾಯ ಕೊಡುವ ಪಂಡಿತರ ಹಾಗೆ ಇವರು. ಫಾರ್ಮ್ಯಾಟ್ ಎಂದರೆ ರೋಗ ವಾಸಿ ಮಾಡುವುದಲ್ಲ, ಮನೆ ಖಾಲಿ ಮಾಡಿಸುವುದು. ಮಾಡಿಸಿ ಫೈಲನ್ನು ಮತ್ತೆ ಹಾಕಿದ್ದರೂ ಅದು ಹಾಗೆಯೇ ಕೆಟ್ಟದಾಗಿ ಕಾಣುತ್ತಿತ್ತು, ಜೊತೆಗೆ ಮೊಮ್ಮಗನ ನಾಮಕರಣದ ಫೋಟೋಗಳೂ ಹೋಗುತ್ತಿದ್ದವು.

ನೀವು ಕಳಿಸಿದ ಸಿ.ಡಿ. ಬಂದು ತಲುಪಿತು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಬಾಯಿಯೇ ಇರುವುದಿಲ್ಲ, ಆಫೀಸಿನ ಸಹೋದ್ಯೋಗಿಯೊಬ್ಬರಿಂದ ಹೊರಗಿಂದ ಸಿಕ್ಕಿಸುವ ಡ್ರೈವ್ ಎರವಲು ತಂದೆ. 2004ರಲ್ಲಿ ಬರೆದ ಸಿ.ಡಿ. ಒಂದೆರಡು ಸಲ ಕೊಸರಿಕೊಂಡಿತು, ಆಮೇಲೆ ತೆರೆದುಕೊಂಡಿತು. ತೆರೆದರೆ ನೀವು ಹೇಳಿದ್ದು ನಿಜ. ಮೊದಲ ಪುಟದ ಮೇಲೆ ದಪ್ಪಕ್ಷರದಲ್ಲಿ ‘ಕೆರೆ’ ಎಂದು ಇರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟು ಎಳೆದ ಇ, ಸಣ್ಣ ಜಿ, ಮತ್ತೊಮ್ಮೆ ಅದೇ ಗೀಟಿನ ಇ. ಕೆಳಗೆ ಅರ್ಪಣೆಯಲ್ಲಿ ‘ಅಪ್ಪ’ ಎಂದು ಬರೆದ ಕಡೆ ಒಂದು ಸಿ, ಅದರ ಮಗ್ಗುಲಲ್ಲಿ ಜಪಾನಿನವರ ಯೆನ್ ಗುರುತು. ‘ನಾನು’ ಎಂದಲ್ಲೆಲ್ಲ ಎರಡೆರಡು ಬ್ರಿಟಿಷ್ ಪೌಂಡು. ಸೊರಬ ಸೀಮೆಯ ಕೆರೆಗಳ ಬಗ್ಗೆ ಬರೆದ ಪುಸ್ತಕ ಯಾವುದೋ ವಿದೇಶಿ ಬ್ಯಾಂಕಿನ ಲೆಕ್ಕದ ಹಾಳೆಯ ಹಾಗೆ ಕಂಡಿತು.

ನನಗೆ ನಗು ಬಂತು, ನಿಮಗೆ ಹೊಟ್ಟೆ ಉರಿದಿರಬೇಕು.

ಯಾಕೆ ಹೀಗಾಯಿತು ಎಂದು ಹೇಳುತ್ತೇನೆ, ನಿಮಗೆ ಯಕ್ಷಗಾನದ ಮಾತಿನಲ್ಲಿ ಹೇಳಿದರೆ ಬೇಗ ಹೊಳೆಯುತ್ತದೆ. ಆ ಫೈಲಿನೊಳಗೆ ಕನ್ನಡ ಅಕ್ಷರ ಒಂದೂ ಇಲ್ಲ, ಇರಲೂ ಇಲ್ಲ. ಇದ್ದದ್ದೆಲ್ಲ ಇಂಗ್ಲಿಷ್ ಅಕ್ಷರಗಳು ಮತ್ತು ಯುರೋಪಿನವರ ಗೀಟು ಚುಕ್ಕಿಯ ಅಕ್ಷರಗಳು. ಅವಕ್ಕೆ ಕನ್ನಡದ ವೇಷ ಕಟ್ಟಿದ್ದು ‘ನುಡಿ’ ತಂತ್ರಾಂಶದ ಫಾಂಟು. ದೊಡ್ಡ ಪಿ ‘ಕ’ದ ಮೈಯಾಯಿತು, ಗೀಟಿನ ಎ ಬಂದು ತಲೆಕಟ್ಟಾಯಿತು. ಎರಡೂ ಸೇರಿ ರಂಗಕ್ಕೆ ಬಂದಾಗ ನಾವು ‘ಕ’ ಎಂದು ಓದಿಕೊಂಡೆವು. ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಆ ವೇಷದ ಪೆಟ್ಟಿಗೆ ಇತ್ತು. ನಿಮ್ಮ ಫೋನಿನಲ್ಲಿ ಇಲ್ಲ. ಹಾಗಾಗಿ ಪಾತ್ರಧಾರಿಗಳು ಬನಿಯನ್ನು ಪಂಚೆಯಲ್ಲೇ ರಂಗಸ್ಥಳಕ್ಕೆ ಬಂದು ನಿಂತಿದ್ದಾರೆ, ಅಷ್ಟೆ. ಫೋನು ತನಗೆ ಕೊಟ್ಟದ್ದನ್ನು ಪ್ರಾಮಾಣಿಕವಾಗಿಯೇ ತೋರಿಸುತ್ತಿದೆ.

ಇದರಲ್ಲಿ ಯಾರನ್ನೂ ಬೈಯುವ ಹಾಗಿಲ್ಲ. ಆ ಕಾಲದ ಯಂತ್ರ ಒಂದು ಫಾಂಟಿಗೆ ಕೊಡುತ್ತಿದ್ದದ್ದು 256 ಮನೆ. ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಅಷ್ಟರಲ್ಲಿ ತುರುಕಬೇಕೆಂದರೆ ಅಕ್ಷರವನ್ನು ತುಂಡು ಮಾಡಿಯೇ ಇಡಬೇಕಿತ್ತು. ‘ಬರಹ’ ಬಂದದ್ದು 1998ರಲ್ಲಿ, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಅವು ಇಲ್ಲದಿದ್ದರೆ ನಿಮ್ಮ ಪುಸ್ತಕ ಇವತ್ತಿಗೂ ನೋಟ್‌ಬುಕ್ಕಿನಲ್ಲೇ ಇರುತ್ತಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ಜೋಡಣೆಯನ್ನು ಐವತ್ತೆಂಟನೇ ವಯಸ್ಸಿನಲ್ಲಿ ನೀವು ಕಲಿತದ್ದು ನನಗೆ ಚೆನ್ನಾಗಿ ನೆನಪಿದೆ. ಒತ್ತಕ್ಷರ ಬೇಕೆಂದರೆ ನಡುವೆ ಎಫ್ ಕೀಲಿ ಒತ್ತಬೇಕು. ನೀವು ಊಟಕ್ಕೆ ಕೂತಾಗಲೂ ‘ಪ, ಎಫ್, ಪ’ ಎಂದು ಬೆರಳು ಆಡಿಸುತ್ತಿದ್ದಿರಿ. ದೊಡ್ಡಮ್ಮ ಸಾರು ಬಡಿಸುತ್ತ, ಇವರಿಗೆ ಕಂಪ್ಯೂಟರ್ ಹಿಡಿದಿದೆ ಎನ್ನುತ್ತಿದ್ದರು.

ಈಗಿನ ಪದ್ಧತಿಗೆ ಯೂನಿಕೋಡ್ ಎನ್ನುತ್ತಾರೆ. ಅದರಲ್ಲಿ ವೇಷವಿಲ್ಲ, ಪ್ರತಿ ಅಕ್ಷರಕ್ಕೂ ಲೋಕಕ್ಕೆಲ್ಲ ಒಂದೇ ಆದ ನಂಬರು. ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆ ಕೊಟ್ಟಿದ್ದಾರೆ, ಕೆಲವಿನ್ನೂ ಖಾಲಿ. ‘ಅ’ ಎಂದರೆ 3205, ‘ಪ’ ಎಂದರೆ 3242. ನಡುವಿನ ನಿಮ್ಮ ಎಫ್‌ಗೂ ಒಂದು ನಂಬರಿದೆ, 3277. ಹಾಗಾಗಿ ‘ಅಪ್ಪ’ ಎಂದರೆ 3205, 3242, 3277, 3242. ಸೊರಬದ ಫೋನಿಗೂ ಅಮೆರಿಕದಲ್ಲಿರುವ ಅಣ್ಣನ ಫೋನಿಗೂ ಅದೇ. ಫಾಂಟು ಬದಲಾದರೆ ಅಕ್ಷರದ ಅಂದ ಬದಲಾಗುತ್ತದೆ, ಅಕ್ಷರ ಬದಲಾಗುವುದಿಲ್ಲ. ಈ ಏರ್ಪಾಟು 1991ರಲ್ಲೇ ಆಗಿತ್ತು. ಆದರೆ ನಿಮ್ಮ ಡಿಟಿಪಿ ಅಂಗಡಿಯಲ್ಲಿ ಇದ್ದದ್ದು ವಿಂಡೋಸ್ 98 ಮತ್ತು ಪೇಜ್‌ಮೇಕರ್. ಎರಡಕ್ಕೂ ಕನ್ನಡದ ಯೂನಿಕೋಡ್ ಬರುತ್ತಿರಲಿಲ್ಲ. ಹೊಸ ರಸ್ತೆ ಆಗಿತ್ತು, ನಮ್ಮೂರಿಗೆ ಬಸ್ಸು ಬಿಟ್ಟಿರಲಿಲ್ಲ ಎನ್ನಿ.

ಹಳೆಯದನ್ನು ಹೊಸದಕ್ಕೆ ತಿರುಗಿಸುವ ಪರಿವರ್ತಕಗಳಿವೆ, ಕನ್ನಡದ ಹುಡುಗರೇ ಕೂತು ಮಾಡಿ ಪುಕ್ಕಟೆ ಕೊಟ್ಟದ್ದು. ಒಂದಕ್ಕೆ ನಿಮ್ಮ ಮೊದಲ ಅಧ್ಯಾಯ ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕನ್ನಡವಾಗಿ ಬಂತು, ಆದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗಿತ್ತು, ‘ಧರ್ಮ’ ಎಲ್ಲೆಲ್ಲೂ ‘ಧಮರ್’. ನಿಮ್ಮ ವಿದ್ಯಾರ್ಥಿ ಬರೆದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಿ. ತಪ್ಪು ಅರ್ಕಾವತ್ತಿನದು. ನಾಲಿಗೆಗೆ ‘ರ್’ ಮೊದಲು ಬರುತ್ತದೆ, ಬರವಣಿಗೆಯಲ್ಲಿ ಅದರ ಗುರುತು ಕೊನೆಗೆ ಕೂರುತ್ತದೆ. ವೇಷದ ಫೈಲು ಕಣ್ಣಿಗೆ ಕಂಡ ಸಾಲಿನಲ್ಲಿ ಇಟ್ಟುಕೊಂಡಿರುತ್ತದೆ, ಯೂನಿಕೋಡ್ ನಾಲಿಗೆಯ ಸಾಲಿನಲ್ಲಿ. ತಿರುಗಿಸುವಾಗ ಆ ಗುರುತನ್ನು ಹಿಂದಕ್ಕೆ ತಂದು ಕೂರಿಸಬೇಕು. ಇನ್ನೊಂದು ಪರಿವರ್ತಕ ಅದನ್ನು ಸರಿಯಾಗಿ ಮಾಡಿತು. ಆದರೆ ನೀವು ಅಲ್ಲಲ್ಲಿ ಸೇರಿಸಿದ್ದ ಇಂಗ್ಲಿಷ್ ಪದಗಳನ್ನೂ ಹಿಡಿದು ಅರ್ಥವಿಲ್ಲದ ಕನ್ನಡ ಮಾಡಿಹಾಕಿತು. ಅದನ್ನೆಲ್ಲ ಮುದ್ರಿತ ಪ್ರತಿ ಪಕ್ಕಕ್ಕಿಟ್ಟುಕೊಂಡು ಕೈಯಾರೆ ತಿದ್ದಿದೆ. ಆರು ರಾತ್ರಿ ಹಿಡಿಯಿತು. ಓದಿದ ಹಾಗೂ ಆಯಿತು; ನಿಜ ಹೇಳಬೇಕೆಂದರೆ ಮೊದಲ ಸಲ ಓದಿದೆ.

ಒಂದು ಪ್ರಯೋಗ ಮಾಡಿದೆ. ಹಳೆಯ ಫೈಲಿನಲ್ಲಿ ‘ತೂಬು’ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ. ಹೊಸದರಲ್ಲಿ 61 ಕಡೆ ಸಿಕ್ಕಿತು. ‘ಕೋಡಿ’ ಎಂದರೆ ಅದೂ ಸಾಲಾಗಿ ಬಂತು. ಪುಸ್ತಕದ ಹಿಂದಿನ ಊರುಗಳ ಪಟ್ಟಿಗೆ ನೀವು ಕ್ಯಾಲೆಂಡರಿನ ಹಾಳೆ ಕತ್ತರಿಸಿ ಚೀಟಿ ಮಾಡಿ, ಜಗಲಿ ತುಂಬ ಅಕಾರಾದಿಯಲ್ಲಿ ಜೋಡಿಸಿದ್ದಿರಿ, ಫ್ಯಾನ್ ಹಾಕಿದ್ದಕ್ಕೆ ನನಗೆ ಬೈಗುಳ ಬಿದ್ದಿತ್ತು. ಈಗ ಒಂದು ಗುಂಡಿ ಒತ್ತಿದರೆ ‘ಅ’ದಿಂದ ‘ಹ’ದವರೆಗೆ ತಾನೇ ಸಾಲುಗಟ್ಟುತ್ತದೆ. ಆ ಬೈಗುಳ ವಾಪಸು ತೆಗೆದುಕೊಳ್ಳಿ.

ನಿಮ್ಮ ಉಳಿದ ದೂರುಗಳಿಗೂ ಬರುತ್ತೇನೆ. ಹೋದ ತಿಂಗಳು ಫೋನಿಗೆ ಹೆಂಗಸೊಬ್ಬಳು ಹೊಕ್ಕಿದ್ದಾಳೆ, ಮುಟ್ಟಿದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಾಳೆ, ಒಂದು ಸಲ ಒತ್ತಿದರೆ ಏನೂ ಆಗುವುದಿಲ್ಲ ಎಂದಿರಿ. ದೊಡ್ಡಮ್ಮ ಅದನ್ನು ದೇವರ ಮುಂದೆ ಇಟ್ಟಿದ್ದರಂತೆ. ಅವಳ ಹೆಸರು ಟಾಕ್‌ಬ್ಯಾಕ್, ಕಣ್ಣು ಕಾಣದವರಿಗಾಗಿ ಇರುವ ಏರ್ಪಾಟು. ಸದ್ದು ಹೆಚ್ಚು ಕಡಿಮೆ ಮಾಡುವ ಎರಡೂ ಗುಂಡಿಗಳನ್ನು ಮೂರು ಸೆಕೆಂಡು ಒಟ್ಟಿಗೆ ಹಿಡಿದರೆ ಎದ್ದು ಕೂರುತ್ತಾಳೆ. ಬಸ್ಸಿನ ನೂಕುನುಗ್ಗಲಿನಲ್ಲಿ ಜೇಬಿನೊಳಗೆ ಹಾಗಾಗಿರಬೇಕು. ಮತ್ತೆ ಹಾಗೆಯೇ ಹಿಡಿದರೆ ಮಲಗುತ್ತಾಳೆ. ಅವಳನ್ನು ಪೂರ್ತಿ ಶಪಿಸಬೇಡಿ. ನಿಮ್ಮ ಹಳೆಯ ಫೈಲನ್ನು ಅವಳ ಮುಂದಿಟ್ಟರೆ ಪೌಂಡು, ಯೆನ್ ಎಂದೇ ಓದುತ್ತಿದ್ದಳು. ಹೊಸದನ್ನು ಕನ್ನಡದಲ್ಲೇ ಓದುತ್ತಾಳೆ, ನಾನು ಕೇಳಿ ನೋಡಿದೆ. ರಾಗವಿಲ್ಲ, ಆದರೆ ‘ತೂಬು’ ಎಂದು ಸ್ಪಷ್ಟವಾಗಿ ಹೇಳಿದಳು. ಕಣ್ಣಿಲ್ಲದವರಿಗೂ ನಿಮ್ಮ ಪುಸ್ತಕ ಈಗ ಸಿಗುತ್ತದೆ ಎಂಬುದು ನನಗೆ ಆಗಲೇ ಹೊಳೆದದ್ದು.

‘ಸ್ಟೋರೇಜ್ ಫುಲ್’ ಎಂದು ಬರುವುದು ನಿಮ್ಮ ಫೋಟೋಗಳಿಂದಲ್ಲ, ನಿವೃತ್ತ ಶಿಕ್ಷಕರ ಬಳಗದ ಶುಭೋದಯಗಳಿಂದ. ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ‘ಸ್ಟೋರೇಜ್ ಅಂಡ್ ಡೇಟಾ’, ಅದರೊಳಗೆ ‘ಮ್ಯಾನೇಜ್ ಸ್ಟೋರೇಜ್’ ಒತ್ತಿದರೆ ಯಾವ ಗುಂಪು ಎಷ್ಟು ಜಾಗ ತಿಂದಿದೆ ಎಂದು ದೊಡ್ಡದರಿಂದ ಸಣ್ಣದಕ್ಕೆ ತೋರಿಸುತ್ತದೆ. ಗುಲಾಬಿ ಹೂವಿನ ವಿಡಿಯೋಗಳನ್ನು ನಿರ್ದಾಕ್ಷಿಣ್ಯವಾಗಿ ಅಳಿಸಿ, ಕಳಿಸಿದವರಿಗೆ ಗೊತ್ತಾಗುವುದಿಲ್ಲ. ಫೋನು ತೆವಳಿದರೆ ಒಮ್ಮೆ ಆಫ್ ಮಾಡಿ ಆನ್ ಮಾಡಿ. ನಮ್ಮ ಆಫೀಸಿನಲ್ಲೂ ಮೊದಲ ಮದ್ದು ಅದೇ, ನಾವು ಮಾತ್ರ ಅದನ್ನು ಗಂಭೀರ ಮುಖ ಮಾಡಿ ಹೇಳುತ್ತೇವೆ.

ಒಂದು ವಿಷಯಕ್ಕೆ ಮಾತ್ರ ನನ್ನ ಗದರಿಕೆ ಹಾಗೇ ಇರಲಿ. ಪೊಲೀಸು, ಬ್ಯಾಂಕು ಎಂದು ಫೋನು ಮಾಡಿ ಒಟಿಪಿ ಕೇಳಿದರೆ, ಆ್ಯಪ್ ಹಾಕಿಸಿಕೊಳ್ಳಿ ಎಂದರೆ, ವಿಡಿಯೋ ಕಾಲಿನಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿದರೆ, ಮರ್ಯಾದೆಯೂ ಬೇಡ ಉತ್ತರವೂ ಬೇಡ, ಇಟ್ಟುಬಿಡಿ. ಅಂಥ ಅರೆಸ್ಟ್ ಕಾನೂನಿನಲ್ಲೇ ಇಲ್ಲ. ದುಡ್ಡು ಹೋಯಿತು ಎಂದರೆ ನನಗೆ ಹೇಳಲು ನಾಚಿಕೊಂಡು ಕೂರಬೇಡಿ, ತಕ್ಷಣ 1930ಕ್ಕೆ ಫೋನು ಮಾಡಿ. ನೀವು ಪ್ರತಿ ಸಲ ‘ನಾನೇ ಏನೋ ಒತ್ತಿಬಿಟ್ಟೆ ಅನ್ಸ್ತದೆ’ ಎಂದು ಶುರು ಮಾಡುತ್ತೀರಲ್ಲ, ನನಗೆ ಹೆದರಿಕೆ ಅದರದ್ದೇ. ಕೆಟ್ಟದ್ದಕ್ಕೆಲ್ಲ ತಮ್ಮ ತಪ್ಪೇ ಕಾರಣ ಎಂದುಕೊಳ್ಳುವವರನ್ನು ಇವರು ಬಹಳ ಸುಲಭವಾಗಿ ಹೆದರಿಸುತ್ತಾರೆ.

ಈ ಕಾಗದದ ಜೊತೆ ಪುಸ್ತಕದ ಪ್ರಿಂಟ್ ಇಟ್ಟಿದ್ದೇನೆ, 116 ಪುಟ, ನಿಮಗೆ ತಿದ್ದಲು ಅಂಚು ಅಗಲವಾಗಿ ಬಿಡಿಸಿದ್ದೇನೆ. ಯಂತ್ರದ ತಪ್ಪುಗಳನ್ನು ನಾನು ತೆಗೆದಿದ್ದೇನೆ, ಆದರೆ ಅಂದಿನ ಡಿಟಿಪಿ ಹುಡುಗನ ತಪ್ಪುಗಳು ನನ್ನ ಕೈಗೆ ಸಿಗುವುದಿಲ್ಲ. 42ನೇ ಪುಟದಲ್ಲಿ ಊರವರು ಮನೆಗೊಂದಾಳಿನಂತೆ ಸೇರಿ ‘ಕೇರಿ’ ದುರಸ್ತಿ ಮಾಡಿದರು ಎಂದಿದೆ. ಅದು ಏರಿಯೋ ಕೇರಿಯೋ? ಮುದ್ರಿತ ಪ್ರತಿಯಲ್ಲೂ ಕೇರಿ ಎಂದೇ ಇದೆ, ಅರ್ಥ ಎರಡರಿಂದಲೂ ಕೂಡುತ್ತದೆ. ಇದನ್ನು ಯಾವ ಸಾಫ್ಟ್‌ವೇರೂ ಹೇಳಲಾರದು. ಕೆಂಪು ಪೆನ್ನಿನಲ್ಲೇ ತಿದ್ದಿ ಅಂಚೆಗೆ ಹಾಕಿ, ಫೋಟೋ ಹೊಡೆದು ಕಳಿಸಲು ಹೋಗಿ ಒದ್ದಾಡಬೇಡಿ.

ಗಣಪತಿ ಹಬ್ಬಕ್ಕೆ ಎರಡು ದಿನ ಮುಂಚೆಯೇ ಬರುತ್ತೇನೆ. ಅಟ್ಟದ ಮೇಲಿರುವ ಹಳೇ ಸಿಪಿಯುವಿನಲ್ಲಿ ನಿಮ್ಮ ಇನ್ನೂ ಎರಡು ನೋಟ್‌ಬುಕ್ಕಿನ ಟೈಪು ಇದೆ ಎಂದು ಅಣ್ಣ ಹೇಳಿದ. ಅಲ್ಲಿಯವರೆಗೆ ಅದನ್ನು ಗುಜರಿಯವನಿಗೆ ಹಾಕಬೇಡಿ, ದೊಡ್ಡಮ್ಮನಿಗೂ ಹೇಳಿಡಿ.

ಇಂತಿ ನಿಮ್ಮ ಮಗಳು,
ಪುಟ್ಟಿ