ಮಲ್ಲಿಬೊಮ್ಮನ ಪಾತ್ರ

ಆಗಸ್ಟ್ 10, 2024, ಶನಿವಾರ. ಹುಮನಾಬಾದ್

ಕ್ಲಾಸು ಮುಗಿದ ಮೇಲೆ ದ್ವಿತೀಯ ಪಿಯು ಮಕ್ಕಳೊಂದಿಗೆ ಕಾರ್ನಾಡರ ‘ತಲೆದಂಡ’ ಓದಿದೆ. ಪರೀಕ್ಷೆಗೆ ಬೇಕಾದ ಓದಲ್ಲ, ಆದರೂ ಹದಿನಾಲ್ಕು ಜನ ಉಳಿದರು. ಅರ್ಧ ಮಂದಿ ನನ್ನ ಹಾಗೆ ಬಸವಕಲ್ಯಾಣದಿಂದ ಬರುವವರು. ನಾಟಕದ ದೊರೆ ಬಿಜ್ಜಳನ ಕಲ್ಯಾಣವೆಂದರೆ ಅವರ ಬಸ್ ಪಾಸಿನ ಮೇಲಿರುವ ಊರು.

ನಾಟಕ ಬಂದದ್ದು 1990ರಲ್ಲಿ, ಮಂಡಲ–ಮಂದಿರದ ಬಿಸಿಯ ನಡುವೆ. ಆದರೆ ನನ್ನನ್ನು ಯಾವಾಗಲೂ ಹಿಡಿದು ನಿಲ್ಲಿಸುವವನು ಜಗದೇವ. ರಾಜಕುಮಾರ ಸೋವಿದೇವ ಭಂಡಾರಕ್ಕೆ ಕೈಹಾಕಿದಾಗ ಜನ ಕಟ್ಟಿಕೊಂಡು ಹೋಗಿ ಮುತ್ತಿಗೆ ಹಾಕಿದವನು ಈ ಹುಡುಗ. ಮನೆಯಲ್ಲಿ ಅಪ್ಪ ಸಾಯುತ್ತ ಮಲಗಿದ್ದರೂ ಅಲ್ಲಿಂದ ಕದಲಲಿಲ್ಲ. ಕಡೆಗೆ ಭಂಡಾರಿ ಬಸವಣ್ಣ ಬರುತ್ತಾನೆ, ಲೆಕ್ಕ ಸರಿಯಿರುತ್ತದೆ, ಜನ ಪವಾಡ ಅನ್ನುತ್ತಾರೆ. ನಿದ್ದೆಗೆಟ್ಟವನು ಯಾರಿಗೂ ನೆನಪಿಲ್ಲ.

ಅವನಿಗೆ ಹೇಗನ್ನಿಸಿರಬಹುದು ಎಂದು ಕೇಳಿದೆ. ಒಬ್ಬಳು ಥಟ್ಟನೆ, “ಗ್ರೂಪ್ ಫೋಟೋದಾಗ ತನ್ನ ಮುಖ ಅಷ್ಟೇ ಕಟ್ ಆದಂಗ ರೀ ಮೇಡಂ” ಅಂದಳು.

ಹಿಂದಿನ ಬೆಂಚಿನವನು ಬಾಯಿ ಬಿಡಲಿಲ್ಲ. ನಮ್ಮ ಓಣಿಯವನೇ. ಬೇಸಿಗೆಯಲ್ಲಿ ಹುಡುಗರನ್ನು ಸೇರಿಸಿ ಹಳೆಯ ಬಾವಿಯ ಹೂಳು ತೆಗೆಸಿದವನು ಅವನೇ. ಗುರುವಾರ ಓಣಿಯಲ್ಲಿ ಧ್ವಜ ಏರಿಸುವಾಗ ನೀನೂ ಬರಬೇಕು ಎಂದೆ. “ನಾ ಬರಂಗಿಲ್ರಿ, ಬ್ಯಾಡ್ರಿ” ಅಂದ. ಬಿಡಲಿಲ್ಲ ನಾನು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾ ಎಂದು ಹೇಳಿಯೇ ಬಸ್ಸು ಹತ್ತಿದೆ.

ಆಗಸ್ಟ್ 15, ಗುರುವಾರ. ಬಸವಕಲ್ಯಾಣ

ವಂದನಾರ್ಪಣೆ ನನಗೇ ಒಪ್ಪಿಸಿದ್ದರು. ಮೋಟಾರು ಕೊಟ್ಟವರು, ಮಣ್ಣು ಸಾಗಿಸಲು ಟ್ರ್ಯಾಕ್ಟರ್ ಕಳಿಸಿದವರು, ಹಿರಿಯರು, ಎಲ್ಲರ ಹೆಸರನ್ನೂ ಹೇಳಿದೆ. ಬಾವಿಗಿಳಿದು ಹನ್ನೊಂದು ದಿನ ಬುಟ್ಟಿ ಎತ್ತಿದವರನ್ನು ‘ಓಣಿಯ ಯುವಕರು’ ಎಂಬ ಎರಡು ಮಾತಿನಲ್ಲಿ ಮುಗಿಸಿದೆ. ಶಾಲು ಹೊದಿಸಿದ್ದು ಇನ್ನಾರಿಗೋ. ಅವನು ಬಿಳಿ ಅಂಗಿ ಹಾಕಿಕೊಂಡು ಗೋಡೆಗೆ ಆತು ನಿಂತಿದ್ದ. ತೋಳಿನ ಮೇಲೆ ಇಸ್ತ್ರಿಯ ಗೆರೆ ಹಾಗೇ ಇತ್ತು.

ರಾತ್ರಿ ಓಣಿಯ ವಾಟ್ಸಾಪ್ ಗ್ರೂಪಿಗೆ ಬಿರುಸಾದ ಮಾತು ಬರೆದಿದ್ದಾನೆ. ಹಿರಿಯರ ಬಗ್ಗೆ ಬರೆಯಬಾರದ್ದೂ ಅದರಲ್ಲಿದೆ. ಅರ್ಧ ಗಂಟೆಯೊಳಗೆ ಅವನನ್ನು ಗ್ರೂಪಿನಿಂದ ತೆಗೆದರು.

ಆಗಸ್ಟ್ 17, ಶನಿವಾರ. ಹುಮನಾಬಾದ್

ಅವನು ಎರಡನೆಯ ದಿನವೂ ಬರಲಿಲ್ಲ. ಓದಿಗೆ ಇಂದು ಒಂಬತ್ತೇ ಜನ.

ಸ್ಟಾಫ್ ರೂಮಿನಲ್ಲಿ ಅದೇ ಮಾತು. ಈಗಿನ ಹುಡುಗರ ಕೈಗೆ ಮೊಬೈಲ್ ಬಂದು ಕೆಟ್ಟರು ಅಂದರು ಒಬ್ಬರು. ಇಂಗ್ಲಿಷಿನ ಸರ್ ಗೋಲ್ಡಿಂಗನ ‘ಲಾರ್ಡ್ ಆಫ್ ದಿ ಫ್ಲೈಸ್’ ತೆಗೆದರು. 1954ರ ಕಾದಂಬರಿ, ಬರೆದವನು ಶಾಲಾ ಮಾಸ್ತರ. ದೊಡ್ಡವರಿಲ್ಲದ ದ್ವೀಪದಲ್ಲಿ ಹುಡುಗರು ಕೊಲೆಯವರೆಗೆ ಹೋಗುತ್ತಾರೆ, ಮನುಷ್ಯಸ್ವಭಾವ ಅಂದರೆ ಅಷ್ಟೇ ಎಂದರು. ಟೊಂಗಾದ ಆರು ಹುಡುಗರ ಸಂಗತಿ ಹೇಳಿದೆ. 1965ರಲ್ಲಿ ದೋಣಿ ಕದ್ದು ಹೊರಟವರು ಬಿರುಗಾಳಿಗೆ ಸಿಕ್ಕು ಅಟಾ ಎಂಬ ನಿರ್ಜನ ದ್ವೀಪ ಸೇರಿದರು. ಹಚ್ಚಿದ ಬೆಂಕಿ ಆರದಂತೆ ಕಾದರು, ಕೆಲಸಕ್ಕೆ ಪಾಳಿ ಹಾಕಿಕೊಂಡರು, ಒಬ್ಬನ ಕಾಲು ಮುರಿದಾಗ ಉಳಿದವರೇ ಕಟ್ಟು ಹಾಕಿ ನೋಡಿಕೊಂಡರು. ಹದಿನೈದು ತಿಂಗಳ ಮೇಲೆ, 1966ರಲ್ಲಿ, ಆರೂ ಜನ ಜೀವಂತವಾಗಿ ಸಿಕ್ಕರು. ನಮ್ಮ ಬಾವಿಗಿಳಿದ ಹುಡುಗರೂ ಪಾಳಿ ಹಾಕಿಕೊಂಡೇ ದುಡಿದದ್ದು. ಕೆಟ್ಟದ್ದು ನಾವು ಮೈಕ್ ಹಿಡಿದ ಮೇಲೆ.

ಆಗಸ್ಟ್ 20, ಮಂಗಳವಾರ

ರಾಜೇಶ್ವರ ದಾಟುವಾಗ ಬಸ್ಸಿನಲ್ಲಿ ಜಗದೇವನ ಕೊನೆ ನೆನಪಾಗಿ ಎದೆ ಹಿಡಿದಂತಾಯಿತು. ಬಿಜ್ಜಳನನ್ನು ಕೊಂದು ತಾನೂ ಸಾಯುತ್ತಾನೆ. ಒಳ್ಳೆಯ ಕೆಲಸ ಮಾಡಿಯೂ ಲೆಕ್ಕಕ್ಕೆ ಬಾರದವನ ಸಿಟ್ಟು ಎಲ್ಲಿಗೆ ಮುಟ್ಟುತ್ತದೆ ಎಂದು ಇಷ್ಟು ವರ್ಷ ಪಾಠ ಹೇಳಿದವಳು ನಾನು. ಗುರುವಾರ ಹೆಸರುಗಳ ಚೀಟಿ ಇದ್ದದ್ದು ನನ್ನ ಕೈಯಲ್ಲಿ.

ಆಗಸ್ಟ್ 24, ಶನಿವಾರ. ಬಸವಕಲ್ಯಾಣ

ಸಸ್ತಾಪುರ ಬಂಗ್ಲಾದಲ್ಲಿ ಸಿಕ್ಕ. ಸೋದರಮಾವನ ಹೊಲದಲ್ಲಿ ಹೆಸರು ಬಿಡಿಸಲು ಹೋಗಿದ್ದನಂತೆ, ಎರಡು ಚೀಲದ ಪಕ್ಕ ನಿಂತು ಗಾಡಿ ಕಾಯುತ್ತಿದ್ದ. ಬಸ್ಸಿನಿಂದ ಇಳಿದುಬಿಟ್ಟೆ. ನಿನ್ನ ಹೆಸರು ಹೇಳದೆ ಬಿಟ್ಟದ್ದು ನನ್ನ ತಪ್ಪು ಎಂದೆ. ಜಗದೇವನಿಗೂ ಹೀಗೇ ಆಗಿತ್ತಲ್ಲ ಎಂದೂ ಅಂದೆ.

ಅವನು ನೆಲ ನೋಡುತ್ತ ನಿಂತ. ಆಮೇಲೆ, “ನಾ ಜಗದೇವ ಅಲ್ರಿ ಮೇಡಂ” ಅಂದ. “ಅಂವನ ಸಂಗಾಟ ಒಬ್ಬ ಬರ್ತಾನಲ್ರಿ, ಮಲ್ಲಿಬೊಮ್ಮ.”

ಮಲ್ಲಿಬೊಮ್ಮ ಚರ್ಮ ಹದ ಮಾಡುವವರ ಮಗ. ಮೊದಲ ದೃಶ್ಯದಲ್ಲಿ ಬ್ರಾಹ್ಮಣರ ಕೇರಿಗೆ ಬಂದು ಅಳುಕುತ್ತಾನೆ, ಜಗದೇವ ಅವನನ್ನು ಮನೆಯೊಳಗೆ ಬಾ ಎಂದು ಹಟ ಹಿಡಿಯುತ್ತಾನೆ.

“ಅಂವಗ ಒಳಗ ಬರೋದ ಬ್ಯಾಡಿತ್ರಿ. ಬಾ ಬಾ ಅಂತ ಕರೀತಾನ, ಬಂದ ಮ್ಯಾಲ ಅಂವ ಎಲ್ಲಿ ನಿಂದರಬೇಕು, ಯಾರೂ ಕೇಳಂಗಿಲ್ಲ. ನಾನೂ ಬ್ಯಾಡ ಅಂದಿದ್ದೆ. ನೀವು ಇಸ್ತ್ರಿ ಅಂಗಿ ಹಾಕ್ಕೊಂಡು ಬಾ ಅಂದ್ರಿ. ಬಂದೆ. ಕೂಡು ಅಂತ ಒಬ್ರೂ ಅನ್ಲಿಲ್ಲ. ಹೆಸರಿಂದು ಏನಿಲ್ರಿ.”

ಅಷ್ಟರಲ್ಲಿ ಗಾಡಿ ಬಂತು. ಒಂದು ಚೀಲಕ್ಕೆ ನಾನೂ ಕೈ ಕೊಟ್ಟೆ. ಗ್ರೂಪಿನಲ್ಲಿ ಬರೆದದ್ದರ ಬಗ್ಗೆ ಅವನು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ರಾತ್ರಿ ಹನ್ನೊಂದು. ನಾಟಕದ ಮೊದಲ ದೃಶ್ಯ ತೆರೆದುಕೊಂಡು ಕೂತಿದ್ದೇನೆ. ಜಗದೇವನ ಮಾತಿನ ಕೆಳಗೆ ಬೇರೆ ಬೇರೆ ವರ್ಷಗಳಲ್ಲಿ ನಾನೆಳೆದ ಗೆರೆಗಳಿವೆ, ನೀಲಿ, ಕೆಂಪು, ಪೆನ್ಸಿಲಿನವು. ಮಲ್ಲಿಬೊಮ್ಮನ ಮಾತಿನ ಕೆಳಗೆ ಒಂದೂ ಇಲ್ಲ.