ಕೊಡಚಾದ್ರಿಯ ಹಾದಿಯೂ ಹೊಸ ಬಂಡಿಯ ಯೋಚನೆಯೂ

ಮನೆ ಒಂದು ಊರಿನಲ್ಲಿ, ಬಾಳು ಇನ್ನೊಂದು ಊರಿನಲ್ಲಿ ಎಂಬ ಸ್ಥಿತಿ ಈಗ ಮಲೆನಾಡಿನ ಅನೇಕ ಕುಟುಂಬಗಳಿಗೆ ಒದಗಿದೆ. ನಮ್ಮದೂ ಅಂಥದೇ. ನಾವು ಶಿವಮೊಗ್ಗದಲ್ಲಿರುವೆವು, ಹಿರಿಯ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು, ಎಂಬತ್ತರ ಸಮೀಪದಲ್ಲಿರುವ ನಮ್ಮ ತಾಯಿಯವರು ಮಾತ್ರ ಹೊಸನಗರ ತಾಲ್ಲೂಕಿನ ಹಳೆಯ ಮನೆಯನ್ನು ಬಿಟ್ಟು ಬರಲೊಲ್ಲರು. ಡಾಂಬರು ರಸ್ತೆಯಿಂದ ಆ ಮನೆಗೆ ಒಂದೂವರೆ ಮೈಲಿ ಮಣ್ಣಿನ ದಾರಿ. ನಡುವೆ ಒಂದು ಹಳ್ಳ. ಹಳ್ಳ ದಾಟಿದೊಡನೆ ಕಡಿದಾದ ಏರು.

ಕಳೆದ ಆಷಾಢದಲ್ಲಿ ತಾಯಿಯವರಿಗೆ ಜ್ವರ ಬಂದು ಉಸಿರಾಟ ಕಷ್ಟವಾಯಿತೆಂದು ಸುದ್ದಿ ತಿಳಿದು ನಾವು ನಮ್ಮ ಚಿಕ್ಕ ಕಾರಿನಲ್ಲಿ ಧಾವಿಸಿದೆವು. ಮಣ್ಣಿನ ದಾರಿಗಿಳಿದ ಸ್ವಲ್ಪ ಹೊತ್ತಿನಲ್ಲಿಯೇ ಕಾರಿನ ಚಕ್ರಗಳು ಕೆಸರಿನಲ್ಲಿ ಹೂತುಹೋದವು. ಹಳ್ಳವು ತುಂಬಿ ಹರಿಯುತ್ತಿದ್ದಿತು. ನೀರು ಇಳಿಯುವವರೆಗೆ ಮೂರು ಗಂಟೆ ದಡದಲ್ಲಿ ನಿಂತಿದ್ದು, ಆಮೇಲೆ ನೆರೆಮನೆಯ ನಾಲ್ವರು ಗಂಡಸರು ತಾಯಿಯವರನ್ನು ಕುರ್ಚಿಯಲ್ಲಿ ಕೂರಿಸಿ, ಕಂಬಳಿಕೊಪ್ಪೆ ಹಾಕಿ, ಹೊತ್ತು ತಂದರು. ಅವರು ಗುಣವಾದರೆಂಬುದು ದೈವಕೃಪೆ. ಆದರೆ ಆ ಮೂರು ಗಂಟೆಗಳನ್ನು ನಾವು ಮರೆಯುವಂತಿಲ್ಲ.

ಆ ರಾತ್ರಿಯೇ ಮಗನು, “ಅಪ್ಪಯ್ಯ, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಇರುವ ಗಾಡಿ ಕೊಳ್ಳಲೇಬೇಕು” ಎಂದನು. ಅವನ ಮನಸ್ಸಿನಲ್ಲಿದ್ದುದು ಥಾರ್ ಎಂಬ ಬಂಡಿ. ನಾವೂ ಅವನೊಡನೆ ಅಂಗಡಿಗೆ ಹೋಗಿ ನೋಡಿದೆವು; ಏರಿ ಕುಳಿತೆವು. ಎತ್ತರದ ಆಸನ, ಹೊಸ ಬಣ್ಣದ ವಾಸನೆ, ಮುಂದೆ ಅಗಲವಾದ ಮೂತಿ: ಕುಳಿತವನಿಗೆ ತಾನು ಯಾವ ಘಟ್ಟವನ್ನಾದರೂ ಹತ್ತಬಲ್ಲೆನೆಂಬ ಭಾವ ಸಹಜವಾಗಿ ಬರುವುದು. ನಮಗೂ ಬಂದಿತೆಂಬುದನ್ನು ಮುಚ್ಚಿಡಲಾರೆವು.

ಬೆಲೆಯೇನು ಸಣ್ಣದಲ್ಲ. ಹತ್ತು ಲಕ್ಷದಿಂದ ಇಪ್ಪತ್ತು ಲಕ್ಷದೊಳಗಿನ ಕಾರಿಗೆ ನಮ್ಮ ರಾಜ್ಯದಲ್ಲಿ ಆಜೀವ ತೆರಿಗೆಯೇ ನೂರಕ್ಕೆ ೧೭ರಂತೆ ತೆರಬೇಕು. ಅದೂ ವಿಮೆಯೂ ಸೇರಿ ನಮಗೆ ಹೇಳಿದ ಲೆಕ್ಕ ೧೯ ಲಕ್ಷ ರೂಪಾಯಿ. ಅಡಿಕೆಗೆ ಒಳ್ಳೆಯ ಬೆಲೆಯಿದ್ದ ವರ್ಷಗಳಲ್ಲಿ ಕೂಡಿಟ್ಟ ೧೦ ಲಕ್ಷ ನಮ್ಮಲ್ಲಿತ್ತು. ಮಿಕ್ಕ ೯ ಲಕ್ಷಕ್ಕೆ ನೂರಕ್ಕೆ ೯ರ ಬಡ್ಡಿಯಂತೆ ಸಾಲ ತಂದರೆ ಐದು ವರ್ಷ ತಿಂಗಳಿಗೆ ಸುಮಾರು ೧೮,೭೦೦ ರೂಪಾಯಿ ಕಟ್ಟಬೇಕು. ಕೂಡಿಟ್ಟ ಹಣವು ಮಗಳ ಮುಂದಿನ ಓದಿಗೆಂದು ಇಟ್ಟದ್ದು. ನಮ್ಮ ಮನೆಯಾಕೆ ಬೇಡವೆನ್ನಲಿಲ್ಲ. “ಅತ್ತೆಯವರ ಜೀವಕ್ಕಿಂತ ಹಣ ಹೆಚ್ಚಲ್ಲ. ಆದರೆ ಆ ಗಾಡಿ ಅವರ ಜೀವ ಉಳಿಸುವುದು ಹೌದೋ ಎಂದು ಮೊದಲು ತಿಳಿದುಕೊಳ್ಳಿ” ಎಂದಳು. ಅದು ನ್ಯಾಯವಾದ ಮಾತು. ಇಂಥ ಬಂಡಿಗಳು ದಿನವೂ ಕೆಟ್ಟ ಹಾದಿಯಲ್ಲಿ ದುಡಿಯುವ ಸ್ಥಳವೆಂದರೆ ನಮ್ಮ ಸೀಮೆಯಲ್ಲಿ ಕೊಡಚಾದ್ರಿ. ಅಲ್ಲಿಗೇ ಹೋಗಿ ನೋಡಿ ಬರೋಣವೆಂದು ಮಾರ್ಗಶಿರ ಮಾಸದಲ್ಲಿ ಹೊರಟೆವು.

ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ, ಹೊಸನಗರಗಳ ಮೇಲೆ ಹೋದರೆ ನಗರವು ಸಿಕ್ಕುವುದು. ಇದೇ ಹಿಂದಿನ ಬಿದನೂರು, ಕೆಳದಿಯ ಅರಸರ ಕಡೆಯ ರಾಜಧಾನಿ. ೧೭೬೩ರಲ್ಲಿ ಹೈದರಾಲಿಯು ಇದನ್ನು ಗೆದ್ದು ಹೈದರನಗರವೆಂದು ಹೆಸರಿಟ್ಟನು. ಉಳಿದದ್ದು ನಗರವೆಂಬ ಮಾತು. ಕೋಟೆಯ ದಿಬ್ಬದ ಮೇಲೆ ನಿಂತು ಸುತ್ತಲೂ ನೋಡಿದರೆ ಗುಡ್ಡ, ಕಾಡು, ಇಕ್ಕಟ್ಟಾದ ಕಣಿವೆಗಳೇ. ಶತ್ರುವಿಗೆ ದಾರಿ ಸಿಗಬಾರದೆಂಬುದು ಅಂದಿನ ಅರಸರ ಬಯಕೆ. ವೈದ್ಯನಿಗೆ ದಾರಿ ಸಿಗಬೇಕೆಂಬುದು ಇಂದಿನ ನಮ್ಮ ಬಯಕೆ. ಗುಡ್ಡಗಳು ಮಾತ್ರ ಅವೇ.

ನಗರದಿಂದ ಮುಂದೆ ನಿಟ್ಟೂರಿಗೆ ಬಂದು, ಅಲ್ಲಿ ಒಂದು ಬಾಡಿಗೆಯ ಜೀಪನ್ನು ಗೊತ್ತುಮಾಡಿಕೊಂಡೆವು. ಕೊಲ್ಲೂರಿನ ಕಡೆಯಿಂದಲೂ ಯಾತ್ರಿಕರು ಇಂಥ ಜೀಪುಗಳಲ್ಲಿಯೇ ಬೆಟ್ಟಕ್ಕೆ ಬರುವರು. ನಮ್ಮ ಪಾಲಿಗೆ ಬಂದ ಜೀಪಿಗೆ ವಯಸ್ಸು ಬಹಳವಾಗಿದ್ದಿತು. ಬಾಗಿಲಿಗೆ ಹಗ್ಗ, ಆಸನದ ಮೇಲೆ ಗೋಣಿ. ಮಗನ ಮುಖ ಸ್ವಲ್ಪ ಸಪ್ಪಗಾಯಿತು. ಆದರೆ ಅವನು ಅಂಗಡಿಯಲ್ಲಿ ಕಂಡ ಹೊಸ ಬಂಡಿಗೂ ಈ ಮುದಿ ಜೀಪಿಗೂ ಮೂಲ ಒಂದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೧ರಿಂದ ೧೯೪೫ರವರೆಗೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಸೈನ್ಯಕ್ಕೆ ಮಾಡಿಕೊಟ್ಟವು. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯವರು ೧೯೪೭ರಲ್ಲಿ ವಿಲ್ಲಿಸ್ ಜೀಪನ್ನು ಜೋಡಿಸಲು ತೊಡಗಿದರು. ಆ ವಂಶದಲ್ಲಿಯೇ ೨೦೧೦ರಲ್ಲಿ ಥಾರ್ ಹುಟ್ಟಿತು. ೨೦೨೦ರಲ್ಲಿ ಅದರ ಹೊಸ ರೂಪ ಬಂದಿತು. ೨೦೨೪ರಲ್ಲಿ ಐದು ಬಾಗಿಲಿನದೂ ಬಂದಿತು. ೨೦೨೩ರಿಂದ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬಲವಿರುವ ಅಗ್ಗದ ಥಾರ್ ಕೂಡ ಮಾರಾಟಕ್ಕಿದೆ. ಹೊರಗಿನಿಂದ ನೋಡಿದವರಿಗೆ ಎರಡೂ ಬಹುಮಟ್ಟಿಗೆ ಒಂದೇ. ಆಕಾರವನ್ನು ನೋಡಿ ಕೊಳ್ಳುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಕಟ್ಟಿನಹೊಳೆಯನ್ನು ದಾಟಿದ ಮೇಲೆ ನಿಜವಾದ ಹಾದಿ ಮೊದಲಾಯಿತು. ಅದನ್ನು ಹಾದಿಯೆಂದು ಕರೆಯುವುದು ಸೌಜನ್ಯದ ಮಾತು. ಮಳೆಯ ನೀರು ಕೊರೆದ ಕೊರಕಲುಗಳು, ನಡುವೆ ತಲೆಯೆತ್ತಿದ ಬಂಡೆಗಳು, ಒಂದು ಮಗ್ಗುಲಲ್ಲಿ ಗೋಡೆಯಂತಹ ಧರೆ, ಇನ್ನೊಂದು ಮಗ್ಗುಲಲ್ಲಿ ಸಿಂಗಳೀಕಗಳು ವಾಸಿಸುವ ದಟ್ಟವಾದ ಕಾಡಿನ ಕಣಿವೆ. ಚಾಲಕನು ಜೀಪನ್ನು ನಿಲ್ಲಿಸಿ, ಗೇರಿನ ಕೋಲಿನ ಪಕ್ಕದಲ್ಲಿದ್ದ ಚಿಕ್ಕ ಕೋಲನ್ನು ಎಳೆದನು. ಎಂಜಿನ್ನಿನ ಬಲವು ನಾಲ್ಕೂ ಚಕ್ರಗಳಿಗೆ ಹಂಚಿಹೋಗುವಂತೆಯೂ, ಚಕ್ರಗಳು ನಿಧಾನವಾಗಿ ಆದರೆ ಹೆಚ್ಚಿನ ಕಸುವಿನಿಂದ ತಿರುಗುವಂತೆಯೂ ಮಾಡುವುದು ಆ ಕೋಲಿನ ಕೆಲಸ. ಆಮೇಲೆ ಜೀಪು ಓಡಲಿಲ್ಲ, ತೆವಳಿತು. ಒಂದು ಚಕ್ರ ಗಾಳಿಯಲ್ಲಿ ಎದ್ದಾಗ ಮಿಕ್ಕವು ನೆಲವನ್ನು ಕಚ್ಚಿ ಹಿಡಿದವು. ನಾವು ಕಂಬಿಯನ್ನು ಎರಡೂ ಕೈಗಳಿಂದ ಹಿಡಿದು ದೇವರ ನಾಮವನ್ನು ನೆನೆದೆವು.

ಚಾಲಕನು ಮಾತುಗಾರ. ಮಗನ ಯೋಚನೆಯನ್ನು ಕೇಳಿ ನಕ್ಕು, “ಗಾಡಿ ಒಳ್ಳೆಯದೇ ಅಣ್ಣಾ, ಸುಳ್ಳು ಹೇಳಬಾರದು. ಆದರೆ ಮಳೆಗಾಲದಲ್ಲಿ ನನಗೆ ಪೇಟೆಯವರ ಇಂಥ ಗಾಡಿಗಳನ್ನು ಕೆಸರಿನಿಂದ ಎಳೆಯುವುದೂ ಒಂದು ಸಂಪಾದನೆ” ಎಂದನು. ಕಾರಣವನ್ನೂ ಅವನೇ ವಿವರಿಸಿದನು. ಡಾಂಬರಿನ ಮೇಲೆ ನುಣುಪಾಗಿ ಓಡುವ ಟೈರು ಕೆಸರಿನಲ್ಲಿ ಹಿಡಿಯದು. ಚಕ್ರ ಜಾರಿದೊಡನೆ ಅಭ್ಯಾಸವಿಲ್ಲದವನು ಗಾಬರಿಯಿಂದ ಆಕ್ಸಿಲರೇಟರನ್ನು ಒತ್ತುವನು. ಚಕ್ರವು ಸುತ್ತಿ ಸುತ್ತಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುವುದು. “ನಾಲ್ಕು ಚಕ್ರದ ಬಲ ಹತ್ತುವುದಕ್ಕೆ, ನಿಲ್ಲುವುದಕ್ಕಲ್ಲ. ಇಳಿಜಾರಿನಲ್ಲಿ ಬ್ರೇಕು ಒತ್ತಿ ಜಾರಿದರೆ ಹಳೆಯ ಜೀಪೂ ಒಂದೇ, ಹೊಸ ಗಾಡಿಯೂ ಒಂದೇ” ಎಂದನು. ಇಳಿಯುವಾಗ ಅವನು ಬ್ರೇಕಿನ ಮೇಲೆ ಕಾಲಿಟ್ಟದ್ದು ಅಪರೂಪ. ಚಿಕ್ಕ ಗೇರಿನಲ್ಲಿ ಎಂಜಿನ್ನೇ ಬಂಡಿಯನ್ನು ತಡೆದು ಹಿಡಿಯುವಂತೆ ಬಿಟ್ಟಿದ್ದನು. ಈ ಹಾದಿಯ ಒಂದೊಂದು ಕಲ್ಲೂ ಅವನಿಗೆ ಪರಿಚಯದ್ದು.

ಮೇಲೆ ಮೂಲಮೂಕಾಂಬಿಕೆಯ ಗುಡಿಯ ಬಳಿಯಲ್ಲಿ ಜೀಪುಗಳು ನಿಲ್ಲುವವು. ಅಲ್ಲೊಂದು ಎತ್ತರವಾದ ಕಬ್ಬಿಣದ ಕಂಬವುಂಟು. ಅಲ್ಲಿಂದ ಮುಂದಕ್ಕೆ ಯಾವ ಬಂಡಿಗೂ ದಾರಿಯಿಲ್ಲ, ಎಲ್ಲರೂ ನಡೆಯತಕ್ಕದ್ದು. ಹುಲ್ಲಿನ ಬೋಳುಗುಡ್ಡಗಳ ಬೆನ್ನಿನ ಮೇಲೆ ಕಾಲುದಾರಿಯು ಏರುತ್ತ ಹೋಗುವುದು. ಗುಡ್ಡದ ಮಡಿಲುಗಳಲ್ಲಿ ಮಾತ್ರ ಕಪ್ಪನೆಯ ಕಾಡು. ತುದಿಯಲ್ಲಿರುವುದು ಸರ್ವಜ್ಞಪೀಠವೆಂಬ ಕಲ್ಲಿನ ಪುಟ್ಟ ಮಂಟಪ. ಶಂಕರಾಚಾರ್ಯರು ಇಲ್ಲಿ ತಪಸ್ಸು ಮಾಡಿದರೆಂದು ಪ್ರತೀತಿ. ಸಮುದ್ರಮಟ್ಟದಿಂದ ೧೩೪೩ ಮೀಟರ್ ಎತ್ತರ. ನಾವು ತಲಪಿದಾಗ ಮಂಜು ಸರಿದು, ಪಶ್ಚಿಮದಲ್ಲಿ ಘಟ್ಟದ ಕೆಳಗಿನ ಕಾಡು ಹಸುರು ಸಮುದ್ರದಂತೆಯೂ, ಅದರಾಚೆ ನಿಜವಾದ ಸಮುದ್ರವು ಬೆಳ್ಳಿಯ ಗೀರಿನಂತೆಯೂ ಕಾಣಿಸಿದವು.

ಅಲ್ಲಿ ಕುಳಿತು ಬುತ್ತಿಯ ಅವಲಕ್ಕಿಯನ್ನು ತಿನ್ನುತ್ತಿರುವಾಗ ಮಗನೇ ಮಾತು ತೆಗೆದನು. “ಹಳ್ಳದಲ್ಲಿ ಅಂದು ನೀರು ಎಷ್ಟಿತ್ತು, ಅಪ್ಪಯ್ಯ?” ಹಳ್ಳದ ದಡದ ಹೊನ್ನೆಮರದಲ್ಲಿ ನೆರೆಯ ಗುರುತು ಇನ್ನೂ ಉಳಿದಿತ್ತು, ಹಿಂದಿನ ದಿನ ತಾಯಿಯವರ ಮನೆಯಲ್ಲಿ ತಂಗಿದ್ದಾಗ ಇಬ್ಬರೂ ಅದನ್ನು ನೋಡಿದ್ದೆವು. ಅದು ನಮ್ಮ ಎದೆಯ ಮಟ್ಟಕ್ಕಿದ್ದಿತು. ೨೦೨೦ರ ಮಾದರಿಯ ಥಾರ್ ದಾಟಬಲ್ಲ ನೀರಿನ ಆಳ ೬೫೦ ಮಿಲಿಮೀಟರ್ ಎಂದು ತಯಾರಕರು ಹೇಳುವರು. ಎಂದರೆ ಎರಡು ಅಡಿಗಿಂತ ಸ್ವಲ್ಪ ಹೆಚ್ಚು. ಹರಿಯುವ ನೀರಿನ ಸೆಳೆತವು ಬೇರೆ. ಅಂದಮೇಲೆ ಹೊಸ ಬಂಡಿಯಿದ್ದಿದ್ದರೂ ಆ ದಿನ ನಾವು ಅದೇ ದಡದಲ್ಲಿ, ಅದೇ ಮೂರು ಗಂಟೆ, ಸ್ವಲ್ಪ ಎತ್ತರದ ಆಸನದಲ್ಲಿ ಕುಳಿತು ಕಾಯುತ್ತಿದ್ದೆವು.

ಇದು ತಿಳಿದ ಮೇಲೆ ಮಿಕ್ಕ ಲೆಕ್ಕ ತಾನಾಗಿಯೇ ಬಂದಿತು. ಬಂಡಿಯು ನಿಲ್ಲುವುದು ಎಲ್ಲಿ? ಬೆಂಗಳೂರಿನಲ್ಲಿ, ಇಲ್ಲವೆ ಶಿವಮೊಗ್ಗದಲ್ಲಿ. ತಾಯಿಯವರಿಗೆ ಬೇನೆ ಬರುವುದು ಹಳೆಯ ಮನೆಯಲ್ಲಿ, ಅದೂ ಯಾವುದೋ ಅವೇಳೆಯಲ್ಲಿ. ವರ್ಷದ ಎಂಟು ತಿಂಗಳು ಆ ದಾರಿಗೆ ನಮ್ಮ ಚಿಕ್ಕ ಕಾರೇ ಸಾಕು. ಉಳಿದ ನಾಲ್ಕು ತಿಂಗಳಲ್ಲಿಯೂ ಕಾಡುವುದು ಒಂದು ಹಳ್ಳ ಮತ್ತು ಮುನ್ನೂರು ಗಜದ ಏರು. ಮಗನು ವರ್ಷಕ್ಕೆ ಎರಡು ಸಲ ಬಂದು ಕೆಸರಿನಲ್ಲಿ ನಡೆಸಿದರೆ ಜೀಪಿನವನ ಕೈ ಅವನಿಗೆ ಬರುವುದೂ ಇಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದನು. “ನನಗೆ ಅದು ಬೇಕೆನ್ನಿಸಿದ್ದು ಅಜ್ಜಿಗಾಗಿ ಮಾತ್ರ ಅಲ್ಲ” ಎಂದು ಕಡೆಗೆ ಒಪ್ಪಿಕೊಂಡನು. ಅದರಲ್ಲಿ ನಾಚುವಂಥದೇನೂ ಇಲ್ಲವೆಂದು ನಾವು ಹೇಳಿದೆವು. ಬೇಕೆನ್ನಿಸುವುದು ತಪ್ಪಲ್ಲ, ಬೇಕೆಂಬುದಕ್ಕೆ ಅಗತ್ಯವೆಂಬ ಹೆಸರಿಟ್ಟು ಮಗಳ ಓದಿನ ಹಣವನ್ನು ತೆಗೆದಿದ್ದರೆ ಅದು ತಪ್ಪಾಗುತ್ತಿತ್ತು.

ಸಂಜೆ ತಾಯಿಯವರಲ್ಲಿಗೆ ಹಿಂದಿರುಗಿ ಎಲ್ಲವನ್ನೂ ತಿಳಿಸಿದೆವು. ಅವರು ಮೊಮ್ಮಗನ ತಲೆಯನ್ನು ಸವರಿ, “ಗಾಡಿ ಬಂದರೆ ಚೆಂದವೇ, ಅಪ್ಪೀ. ಆದರೆ ಅದು ನಿನ್ನ ಹತ್ತಿರ ಇರುತ್ತದೆ, ಹಳ್ಳ ನನ್ನ ಹತ್ತಿರ ಇರುತ್ತದಲ್ಲ? ಮೊದಲು ಒಂದು ಸಂಕ ಹಾಕಿಸಿ” ಎಂದರು.

ಸಂಕವೆಂದರೆ ಮಲೆನಾಡಿನವರು ಹಳ್ಳಕ್ಕೆ ಅಡ್ಡಲಾಗಿ ಹಾಕುವ ಕಾಲುಸೇತುವೆ. ನಾವು ಅದನ್ನೇ ಸ್ವಲ್ಪ ದೊಡ್ಡದಾಗಿ ಯೋಚಿಸಿದೆವು. ಆ ದಾರಿಯನ್ನು ನಂಬಿದ ನಾಲ್ಕು ಮನೆಗಳವರು ಕೂಡಿ, ಪಂಚಾಯಿತಿಯ ಒಪ್ಪಿಗೆ ಪಡೆದು, ಬಂಡಿ ದಾಟುವಷ್ಟು ಅಗಲದ ಕಾಂಕ್ರೀಟಿನ ಕಿರುಸೇತುವೆಯನ್ನು ಕಟ್ಟಿಸುವುದೆಂದೂ, ಏರಿಗೆ ಕಲ್ಲು ಹಾಸಿಸಿ ಪಕ್ಕದಲ್ಲಿ ನೀರಿಗೆ ಚರಂಡಿ ತೋಡಿಸುವುದೆಂದೂ ನಿಶ್ಚಯವಾಯಿತು. ಒಟ್ಟು ಖರ್ಚು ೧೦ ಲಕ್ಷದ ಆಸುಪಾಸು. ನಮ್ಮ ಪಾಲು ೪ ಲಕ್ಷ. ಊರಿನಲ್ಲಿಯೇ ಜೀಪಿಟ್ಟುಕೊಂಡಿರುವ ನೆರೆಯವರೊಬ್ಬರಿಗೆ ಕೆಸರಿಗೆ ತಕ್ಕ ಹೊಸ ಟೈರುಗಳನ್ನು ಹಾಕಿಸಿಕೊಟ್ಟು, ಮಳೆಗಾಲದಲ್ಲಿ ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿ, ಕರೆದಾಗ ಬರುವಂತೆ ಮಾತು ಪಡೆದೆವು. ಸಾಲವಿಲ್ಲ, ಓದಿನ ಹಣದಲ್ಲಿ ಹೆಚ್ಚಿನ ಭಾಗ ಹಾಗೆಯೇ ಉಳಿಯಿತು.

ಇದನ್ನು ಓದಿ, ಇಂಥ ಬಂಡಿಯನ್ನು ಯಾರೂ ಕೊಳ್ಳಬಾರದೆಂದು ನಾವು ಹೇಳಿದೆವೆಂದು ತಿಳಿಯಬಾರದು. ಗುಡ್ಡದ ತೋಟದಲ್ಲಿಯೇ ವಾಸವಿದ್ದು ದಿನವೂ ಕೆಸರಿನಲ್ಲಿ ಓಡಾಡುವ ಗೃಹಸ್ಥನಿಗೆ ಅದು ಎತ್ತಿನಂತೆ ಮನೆಯ ಆಳು. ಆದರೆ ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಕೆಟ್ಟ ಹಾದಿ ವರ್ಷದಲ್ಲಿ ಎಷ್ಟು ದಿನ, ಎಷ್ಟು ದೂರ? ಆಪತ್ತು ಬರುವ ಸ್ಥಳದಲ್ಲಿ ಬಂಡಿ ಇರುವುದೋ? ಅದನ್ನು ನಡೆಸಬಲ್ಲ ಕೈ ಅದರೊಡನೆ ಇರುವುದೋ? ಮೂರಕ್ಕೂ ಸಮಾಧಾನದ ಉತ್ತರ ದೊರೆತರೆ ನಿಶ್ಚಿಂತೆಯಿಂದ ಕೊಳ್ಳಬಹುದು.

ನಮ್ಮ ಸಂಕವು ಚೈತ್ರದಲ್ಲಿ ಮುಗಿಯಿತು. ತಾಯಿಯವರು ಕೋಲೂರಿಕೊಂಡು ಅದರ ಮೇಲೆ ನಡೆದು ಬಂದು, ಎರಡು ಕಡೆಯೂ ಅರಿಸಿನ ಕುಂಕುಮ ಹಚ್ಚಿದರು. ಮಗನು ತನ್ನ ಸಂಬಳದಲ್ಲಿ ತಿಂಗಳಿಗೆ ಇಷ್ಟೆಂದು ಬೇರೆಯಾಗಿ ಕೂಡಿಡುತ್ತಿರುವನು. ಯಾತಕ್ಕೆಂದು ನಾವು ಕೇಳಿಲ್ಲ. ನಮ್ಮ ನಿರ್ಧಾರವು ಸರಿಯೋ ತಪ್ಪೋ ಎಂಬುದನ್ನು ಬರುವ ಆಷಾಢದ ಹಳ್ಳವೇ ಹೇಳಬೇಕು.